ಹಾಡಿದ ಮೇಲೆ ಕೇಳುವುದು

ಕರ್ನಾಟಕ ಸಂಗೀತದ ಆರಂಭದ ಪಾಠಕ್ರಮ ಪುರಂದರದಾಸರ ಕೊಡುಗೆ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿವರಸೆ, ಸಪ್ತತಾಳದ ಅಲಂಕಾರಗಳು, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆಗಳು. ಮೂರು ಕಾಲದಲ್ಲಿ ಹಾಡಿಸುವ ಈ ಕ್ರಮ ಕಂಠವನ್ನೂ ಲಯವನ್ನೂ ಪಳಗಿಸುವುದರಲ್ಲಿ ಸಾಟಿಯಿಲ್ಲದ್ದು. ಆದರೆ ಇವತ್ತು ಅದನ್ನು ಕಲಿಸುವ ರೀತಿಯಲ್ಲಿ ಅರ್ಧ ಮಾತ್ರ ಉಳಿದಿದೆ ಎನ್ನುವುದು ನನ್ನ ತಕರಾರು.

ಗುರುವಿನ ಮನೆಯಲ್ಲಿದ್ದು ಕಲಿಯುವ ಕಾಲದಲ್ಲಿ ಕೇಳ್ಮೆ ಪಾಠದ ಒಳಗೇ ಇತ್ತು. ಹಿರಿಯ ಶಿಷ್ಯರ ಪಾಠ, ಗುರುಗಳ ಬೆಳಗಿನ ಸಾಧನೆ, ಕಛೇರಿಯಲ್ಲಿ ಹಿಂದೆ ಕೂತು ತಂಬೂರಿ ಮೀಟುವುದು, ಹೀಗೆ ಕಿವಿಗೆ ಬಿಡುವೇ ಇರಲಿಲ್ಲ. ವಾರಕ್ಕೆರಡು ತರಗತಿಗೆ ಬರುವ ಈಗಿನ ಮಗುವಿಗೆ ಸಿಗುವುದು ಸ್ವರಲಿಪಿಯ ಪುಸ್ತಕ, ಜೊತೆಗೆ ಜೂನಿಯರ್ ಪರೀಕ್ಷೆಯ ಅವಸರ. ತೋಡಿಯ ಗಾಂಧಾರವನ್ನೇ ನೋಡಿ. ಪುಸ್ತಕದಲ್ಲಿ ಅದು ಬರೀ ‘ಗ’. ಹಾಡುವಾಗ ಅದು ಒಂದೆಡೆ ನಿಲ್ಲದೆ ಅಕ್ಕಪಕ್ಕದ ಸ್ವರಗಳ ಕಡೆಗೆ ತೂಗುತ್ತಲೇ ಇರಬೇಕು. ಕೇಳದೆ ನೂರು ಸಲ ಹಾಡಿದರೆ ತಪ್ಪು ಗಾಂಧಾರವೇ ಗಂಟಲಲ್ಲಿ ಗಟ್ಟಿಯಾಗಿ ಕೂರುತ್ತದೆ.

ಹಾಗೆಂದು ಮನೆಯಲ್ಲಿ ದಿನವಿಡೀ ಕಛೇರಿಗಳನ್ನು ಹಾಕಿಟ್ಟರೆ ಸಾಲದು. ಅದರಿಂದ ರಾಗದ ಚಹರೆ ಪರಿಚಯವಾಗುತ್ತದೆ, ಹೆಸರನ್ನೂ ಥಟ್ಟನೆ ಹೇಳಬಹುದು. ಅದು ಸಣ್ಣ ಲಾಭವಲ್ಲ. ಆದರೂ ಗುರುತು ಹಿಡಿಯುವುದೇ ಬೇರೆ, ಹಾಡುವುದೇ ಬೇರೆ. ನಾಳೆ ಸಾಧನೆ ಮಾಡಿದರಾಯಿತೆಂದು ತರಗತಿಯ ರೆಕಾರ್ಡಿಂಗ್‌ಗಳನ್ನು ಫೋನಿನಲ್ಲಿ ತುಂಬಿಟ್ಟುಕೊಳ್ಳುವುದಂತೂ ಕಲಿತೆವೆಂಬ ಭ್ರಮೆಯನ್ನಷ್ಟೇ ಬೆಳೆಸುತ್ತದೆ.

ನನಗೆ ಮುಖ್ಯವೆನಿಸುವುದು ಹಾಡುವುದು, ಕೇಳುವುದು ಇವೆರಡರ ಸರದಿ. ವರ್ಣದ ಒಂದೇ ಒಂದು ಸಾಲನ್ನು ಪುಸ್ತಕ ಮುಚ್ಚಿ, ತಂಬೂರಿಯ ಶ್ರುತಿಗೆ ಹಾಡಿ, ರೆಕಾರ್ಡ್ ಮಾಡಿಕೊಳ್ಳಬೇಕು. ಆಮೇಲೆ ಬಲ್ಲವರ ಕಂಠದಲ್ಲಿ ಅದೇ ಸಾಲನ್ನು ಕೇಳಬೇಕು. ಈಗ ಕಿವಿ ಹುಡುಕುತ್ತಾ ಕೇಳುತ್ತದೆ: ಉಸಿರು ಎಲ್ಲಿ ತೆಗೆದುಕೊಂಡರು, ಕಾರ್ವೆಯನ್ನು ಎಷ್ಟು ಹಿಡಿದರು, ಗಮಕ ಎಲ್ಲಿಂದ ಎದ್ದಿತು. ತಾನು ಎಡವಿದ ಜಾಗ ಅಲ್ಲೇ ಸಿಗುತ್ತದೆ. ಕೇಳಿದ್ದು ಆರುವ ಮೊದಲೇ ಮತ್ತೆ ಹಾಡಬೇಕು. ಬರೀ ಕೇಳುವವರ ಗಮನಕ್ಕೆ ಈ ಸೂಕ್ಷ್ಮಗಳು ಬರುವುದು ಅಪರೂಪ.

ದೊಡ್ಡ ವಿದ್ಯಾರ್ಥಿಗಳಿಗಷ್ಟೇ ಇದು ಸಾಧ್ಯ ಎನ್ನುವ ಶಿಕ್ಷಕರ ಮಾತನ್ನು ನಾನು ಒಪ್ಪಲಾರೆ. ಮಲಹರಿಯಲ್ಲಿ ನಿಷಾದವಿಲ್ಲ, ಗಾಂಧಾರ ಅವರೋಹಣದಲ್ಲಿ ಮಾತ್ರ. ಇದನ್ನು ಬಾಯಿಪಾಠ ಮಾಡಿಸುವ ಬದಲು ಮಗುವಿನಿಂದ ಮಾಯಾಮಾಳವಗೌಳದ ಸರಳೆ ಹಾಡಿಸಿ, ಕೂಡಲೇ ಮಲಹರಿಯ ಆರೋಹಣ, ಅವರೋಹಣವನ್ನು ತಾವೇ ಹಾಡಿ ತೋರಿಸಲಿ. ಯಾವ ಸ್ವರ ಬಿಟ್ಟುಹೋಯಿತೆಂದು ಕೇಳಲಿ.