ಕೋಲಾರ ಜಿಲ್ಲೆಯ ಶಾಸನಸಂಪುಟದ ಅಂಕನಕ್ರಮ

ಬಿ. ಎಲ್. ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳ ಸಂಗ್ರಹವೆಂಬುದು ವಿದ್ವಾಂಸರಿಗೆಲ್ಲ ವಿದಿತವಾದುದೇ. ಅದರ ಪಾಠಗಳಂತೆ ಅದರ ರಚನೆಯೂ ವಿಮರ್ಶಾರ್ಹವಾದುದು. ಶಾಸನಗಳನ್ನು ಗಣಕಯಂತ್ರದ ದತ್ತಾಂಶಕೋಶಗಳಿಗೆ, ಎಂದರೆ ಡೇಟಾಬೇಸುಗಳಿಗೆ, ಸೇರಿಸುವ ಕಾರ್ಯವು ನಡೆಯುತ್ತಿರುವ ಈ ಕಾಲದಲ್ಲಿ ಆ ವಿಮರ್ಶೆಯು ಅವಶ್ಯಕವೂ ಆಗಿರುವುದು.

ಸಂಪುಟದಲ್ಲಿ ಹತ್ತು ತಾಲ್ಲೂಕುಗಳಿವೆ. ಒಂದೊಂದು ತಾಲ್ಲೂಕಿಗೂ ಒಂದೊಂದು ಸಂಕೇತಾಕ್ಷರ, ಒಂದರಿಂದ ಮೊದಲಾಗುವ ಬೇರೆ ಅಂಕಮಾಲೆ. ಕೋಲಾರಕ್ಕೆ ಕೆ.ಎಲ್., ಮುಳಬಾಗಿಲಿಗೆ ಎಂ.ಬಿ., ಮಾಲೂರಿಗೆ ಎಂ.ಆರ್., ಶ್ರೀನಿವಾಸಪುರಕ್ಕೆ ಎಸ್.ಪಿ.; ಸಂಕೇತವೂ ಅಂಕವೂ ಕೂಡಿದರೆ ಅದೇ ಆ ಶಿಲೆಯ ಹೆಸರು. ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಭಾಷಾಂತರಗಳು ಬೇರೆ ಬೇರೆ ಭಾಗಗಳಲ್ಲಿದ್ದು, ಅವನ್ನು ಪೋಣಿಸುವ ಸೂತ್ರವು ಈ ಹೆಸರೊಂದೇ. ಇದಲ್ಲದೆ ಶಾಸನಗಳನ್ನು ಕಾಲಾನುಕ್ರಮದಲ್ಲಿ ವಿಂಗಡಿಸಿದ ಪಟ್ಟಿಯೂ ಉಂಟು. ಆವಣಿಯ ನೊಳಂಬ ಶಾಸನವೊಂದನ್ನು ಊರನ್ನು ಹಿಡಿದು ಹುಡುಕಿದರೂ ಕಾಲವನ್ನು ಹಿಡಿದು ಹುಡುಕಿದರೂ ಓದುಗನು ಅದೇ ಪುಟವನ್ನು ಸೇರುತ್ತಾನೆ. ವಸ್ತುವನ್ನು ಒಂದೆಡೆ ಇರಿಸಿ ಅದನ್ನು ಸೇರುವ ದಾರಿಗಳನ್ನು ಹಲವಾಗಿ ಮಾಡುವುದೇ ಇಂದಿನ ದತ್ತಾಂಶಕೋಶದ ಮೂಲತತ್ತ್ವವಾದುದರಿಂದ, ಸಾಹೇಬರ ಯೋಜನಾಬುದ್ಧಿಯು ಪ್ರಶಂಸನೀಯವೆಂದೇ ಹೇಳಬೇಕು.

ದೋಷವಿರುವುದು ಹೆಸರಿನಲ್ಲಿ. ಕಾಗೆ ಕುಳಿತಿರುವುದೇ ದೇವದತ್ತನ ಮನೆ ಎಂದು ತೋರಿಸಿದಾಗ ಕಾಗೆಯು ಮನೆಗೆ ಉಪಲಕ್ಷಣವೇ ಹೊರತು ವಿಶೇಷಣವಲ್ಲವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಕಾಗೆ ಹಾರಿಹೋದರೂ ಮನೆಯು ಇದ್ದಲ್ಲಿಯೇ ಇರುವುದು. ಶಿಲೆಗೆ ತಾಲ್ಲೂಕೆಂಬುದು ಇಂತಹ ಕಾಗೆ. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಬೇರೆಯಾದಾಗ ಸಂಪುಟದ ಹತ್ತು ತಾಲ್ಲೂಕುಗಳಲ್ಲಿ ಐದು ಅತ್ತ ಹೋದವು. ಬೌರಿಂಗ್‌ಪೇಟೆಯೆಂಬ ಹೆಸರು ಹೋಗಿ ಬಂಗಾರಪೇಟೆಯಾಯಿತು, ಬಿ.ಪಿ. ಎಂಬ ಸಂಕೇತವು ದೈವಯೋಗದಿಂದ ಎರಡಕ್ಕೂ ಹೊಂದುತ್ತದೆ. ಆದರೆ ಆ ಸಂಕೇತವನ್ನು ಹೊತ್ತ ಬೇತಮಂಗಲದ ಶಾಸನಗಳು ಈಗಿರುವುದು ಕೆ.ಜಿ.ಎಫ್. ತಾಲ್ಲೂಕಿನಲ್ಲಿ. ಶ್ರೀನಿವಾಸಪುರವಾದರೂ ಮೊದಲು ಪಾಪನಪಳ್ಳಿಯಾಗಿದ್ದು, ದಿವಾನ್ ಪೂರ್ಣಯ್ಯನವರ ಮಗನ ಹೆಸರಿನಿಂದ ಈಗಿನ ಹೆಸರನ್ನು ಪಡೆದುದಷ್ಟೆ. ಕೋಲಾರ ಜಿಲ್ಲೆಯೆಂಬ ಇಂದಿನ ಹೆಸರನ್ನೇ ನಂಬಿ ಗಣಕಯಂತ್ರದಲ್ಲಿ ಹುಡುಕುವ ವಿದ್ಯಾರ್ಥಿಗೆ ಚಿಂತಾಮಣಿಯ ಶಿಲೆಗಳು ಇಲ್ಲವೆಂದೇ ತೋರುವುವು.

ಹಾಗಾದರೆ ಇಂದಿನ ವಿಭಾಗಕ್ಕೆ ಅನುಗುಣವಾಗಿ ಹೊಸ ಅಂಕಗಳನ್ನು ಕೊಡಬಾರದೇಕೆ ಎಂಬ ಪೂರ್ವಪಕ್ಷವು ಏಳುತ್ತದೆ. ಇದು ಸಾಧುವಲ್ಲ. ನೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಚರಿತ್ರೆ, ಭಾಷೆ, ಛಂದಸ್ಸುಗಳ ವಿಷಯವಾಗಿ ಬರೆದವರೆಲ್ಲರೂ ಹಳೆಯ ಅಂಕಗಳನ್ನೇ ಪ್ರಮಾಣವಾಗಿ ಕೊಟ್ಟಿರುವರು. ಅಂಕವು ಅಳಿದರೆ ಆ ಪ್ರಮಾಣಗಳನ್ನು ಪರೀಕ್ಷಿಸುವ ಬಗೆಯೇ ತಪ್ಪುವುದು. ಹೊಸ ಅಂಕಗಳೂ ಮುಂದಿನ ವಿಭಾಗದವರೆಗೆ ಮಾತ್ರ ನಿಲ್ಲತಕ್ಕವು. ಇಲ್ಲಿ ಯೋಗ–ರೂಢಿಗಳ ವಿವೇಕವೇ ಶರಣ್ಯ. ಮೂಡಲಬಾಗಿಲೆಂಬ ಯೌಗಿಕಾರ್ಥದಿಂದ ಬಂದ ಮುಳಬಾಗಿಲೆಂಬ ಹೆಸರನ್ನು ಕೇಳಿದವನು ಬಾಗಿಲನ್ನು ಅರಸುವುದಿಲ್ಲ, ಊರನ್ನು ತಿಳಿಯುತ್ತಾನೆ. ಹಾಗೆಯೇ ಎಂ.ಬಿ. ಎಂಬುದನ್ನೂ ಅರ್ಥವಿಚಾರವಿಲ್ಲದ ರೂಢನಾಮವಾಗಿ ಸ್ಥಿರಪಡಿಸಿ, ಊರು, ತಾಲ್ಲೂಕು, ಜಿಲ್ಲೆಗಳನ್ನು ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬ ಉಲ್ಲೇಖದೊಡನೆ ಬೇರೆ ಅಂಕಣಗಳಲ್ಲಿ ಬರೆಯಬೇಕು. ಪಹಣಿಯಲ್ಲಿ ಸರ್ವೆ ನಂಬರು ಹಿಸ್ಸೆಗಳಾಗಿ ಒಡೆದರೂ ಮೂಲಾಂಕವು ಉಳಿಯುವ ರೀತಿಯನ್ನು ರೈತರೂ ಬಲ್ಲರು. ಪಂಡಿತರು ಅದನ್ನು ಅರಿಯದಿರುವುದು ಶೋಭಿಸದು.

ಇನ್ನು ತಿದ್ದುವ ಅಧಿಕಾರ. ಒಂದು ಅಕ್ಷರವನ್ನು ಬೇರೆಯಾಗಿ ಓದಿದವರು ಕೋಶದೊಳಗಿನ ಹಳೆಯ ಪಾಠವನ್ನು ಅಳಿಸಿ ಹೊಸದನ್ನು ಬರೆದರೆ ರೈಸ್ ಸಾಹೇಬರ ಪಾಠವು ಯಾವುದಾಗಿತ್ತೆಂಬುದೇ ಮರೆತುಹೋಗುವುದು. ಕರ್ನಾಟಕ ಸರ್ಕಾರದ ‘ಭೂಮಿ’ ವ್ಯವಸ್ಥೆಯಲ್ಲಿ ಹಕ್ಕು ಬದಲಾವಣೆಯನ್ನು ದಾಖಲಿಸುವ ನೌಕರನ ಗುರುತನ್ನು ಬೆರಳಚ್ಚಿನಿಂದ ದೃಢಪಡಿಸಿಕೊಳ್ಳುವ ಏರ್ಪಾಡನ್ನು ಮಾಡಲಾಯಿತು. ಶಾಸನಪಾಠಕ್ಕೂ ಅಷ್ಟು ಕಟ್ಟುಪಾಡು ಬೇಡವೆ? ದಾನಶಾಸನವನ್ನು ಬರೆಯಿಸಿದವರೇ ಈ ವಿಷಯದಲ್ಲಿ ಎಚ್ಚರವುಳ್ಳವರಾಗಿದ್ದರು. ದಾತೃ, ಪ್ರತಿಗ್ರಹೀತೃ, ಎಲ್ಲೆ, ಸಾಕ್ಷಿ, ಬರೆದವನು, ಕಂಡರಿಸಿದವನು, ಕೊನೆಗೆ ಅಳಿದವನಿಗೆ ಶಾಪ: ಇವುಗಳಲ್ಲಿ ಹಲವನ್ನು ಶಿಲೆಯೇ ಹೇಳುತ್ತದೆ. ಈ ಶಾಪಶ್ಲೋಕಗಳನ್ನು ಸಾಹೇಬರು ಭಾಷಾಂತರದಲ್ಲಿ ‘ವಾಡಿಕೆಯ ಅಂತ್ಯಶ್ಲೋಕಗಳು’ ಎಂಬ ಅರ್ಥದ ಒಂದು ಮಾತಿನಿಂದ ದಾಟಿಸಿಬಿಡುತ್ತಾರೆ. ಮುದ್ರಣದ ವೆಚ್ಚವನ್ನು ನೆನೆದರೆ ಇದು ಕ್ಷಮ್ಯ; ಜಾಗದ ಕೊರತೆಯಿಲ್ಲದ ಗಣಕಯಂತ್ರದಲ್ಲಿ ಅದನ್ನೇ ಅನುಸರಿಸುವುದು ಕ್ಷಮ್ಯವಲ್ಲ, ಏಕೆಂದರೆ ಶ್ಲೋಕಗಳ ಆಯ್ಕೆಯೂ ಪಾಠಭೇದವೂ ಲಿಪಿಕಾರನ ವಿದ್ಯೆಯನ್ನು ತಿಳಿಸತಕ್ಕವು.

ಮೊದಲು ಆಗಬೇಕಾದುದು ಹತ್ತು ಸಂಕೇತಗಳಿಗೂ ಇಂದಿನ ತಾಲ್ಲೂಕುಗಳಿಗೂ ಇರುವ ಸಂಬಂಧವನ್ನು ಊರೂರಿಗೆ ತೋರಿಸುವ ಪಟ್ಟಿ. ೧೯೬೫ರಲ್ಲಿ ಹದಿನೇಳನೆಯ ಸಂಪುಟವಾಗಿ ಬಂದ ಕೋಲಾರ ಜಿಲ್ಲೆಯ ಪುರವಣಿಯ ಶಾಸನಗಳನ್ನೂ ಆ ಪಟ್ಟಿಯಲ್ಲಿಯೇ ಸೇರಿಸತಕ್ಕದ್ದು.