‘ರಸ್ತೆ ದಾಟಿ’: ಧ್ವನಿ ಮಾರ್ಗದರ್ಶನದ ಕನ್ನಡ ಮತ್ತು ಅಂಧ ಪಾದಚಾರಿ

ಸಾರಾಂಶ: ಜಿಪಿಎಸ್ ಆಧಾರಿತ ಮಾರ್ಗದರ್ಶನದ ಕನ್ನಡ ಪ್ರಕಟಣೆಗಳು ತಮ್ಮ ಕೇಳುಗ ನೋಡಬಲ್ಲವನು ಎಂಬ ಗ್ರಹಿಕೆಯ ಮೇಲೆ ನಿಂತಿವೆ. ಅಂಧ ಪಾದಚಾರಿಗೆ ಇದು ಉಚ್ಚಾರಣೆಯ ತೊಡಕಷ್ಟೇ ಅಲ್ಲ, ವ್ಯಾಕರಣದ ತೊಡಕೂ ಹೌದು ಎಂದು ಪ್ರಸ್ತುತ ಲೇಖನವು ವಾದಿಸುತ್ತದೆ. ಕ್ರಿಯಾರೂಪ, ಸಂಖ್ಯಾವಾಚಕ ಮತ್ತು ಅಂಕಿತನಾಮಗಳ ನೆಲೆಯಲ್ಲಿ ಕೆಲವು ಪರಿಹಾರಗಳನ್ನು ಸೂಚಿಸುತ್ತದೆ.

1. ಹಿನ್ನೆಲೆ

ಉಪಗ್ರಹ ಸಂಕೇತಗಳ ನೆರವಿನಿಂದ ಅಂಧರಿಗೆ ದಾರಿ ತೋರಿಸುವ ಚಿಂತನೆ ಹೊಸತಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದಲ್ಲಿ ಜ್ಯಾಕ್ ಲೂಮಿಸ್, ರೆಜಿನಾಲ್ಡ್ ಗೊಲೆಜ್ ಮತ್ತು ರಾಬರ್ಟಾ ಕ್ಲಾಟ್ಸ್ಕಿ 1980ರ ದಶಕದಿಂದಲೇ ಈ ಕುರಿತು ಕೆಲಸ ಮಾಡಿದರು. ಭೂಗೋಳತಜ್ಞರಾಗಿದ್ದ ಗೊಲೆಜ್ ಸ್ವತಃ ದೃಷ್ಟಿ ಕಳೆದುಕೊಂಡವರು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರವು ನಾಗರಿಕ ಸಂಕೇತಗಳ ನಿಖರತೆಯನ್ನು ಉದ್ದೇಶಪೂರ್ವಕವಾಗಿ ತಗ್ಗಿಸುವುದನ್ನು ನಿಲ್ಲಿಸಿದ ಬಳಿಕ ಈ ಚಿಂತನೆ ಬೀದಿಗೆ ಇಳಿಯಿತು. 2017ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ದೃಷ್ಟಿವಿಕಲರ ಧ್ವನಿ ಮಾರ್ಗದರ್ಶನಕ್ಕೆಂದೇ ಎಫ್.921 ಎಂಬ ಶಿಫಾರಸನ್ನು ಅಂಗೀಕರಿಸಿತು. 2019ರ ಅಕ್ಟೋಬರಿನಲ್ಲಿ ಗೂಗಲ್ ಮ್ಯಾಪ್ಸ್ ದೃಷ್ಟಿವಿಕಲ ಪಾದಚಾರಿಗಳಿಗಾಗಿ ವಿವರವಾದ ಧ್ವನಿ ಸೂಚನೆಗಳನ್ನು ಆರಂಭಿಸಿದಾಗ ಅವು ಲಭ್ಯವಾದದ್ದು ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ, ಜಪಾನಿನಲ್ಲಿ ಜಪಾನಿ ಭಾಷೆಯಲ್ಲಿ. ಜಪಾನಿಯೂ ಕನ್ನಡದಂತೆ ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ಭಾಷೆ. ಆದ್ದರಿಂದ ವಾಕ್ಯರಚನೆಯ ಭಿನ್ನತೆಯನ್ನು ಕನ್ನಡದ ಹಿನ್ನಡೆಗೆ ನೆಪವಾಗಿ ಒಡ್ಡಲಾಗದು.

ನಮ್ಮ ಟೀಕೆ ಯಾವುದೇ ಒಂದು ಸಂಸ್ಥೆಯ ಉತ್ಪನ್ನದ ಮೇಲಲ್ಲ. ವಾಹನ ಚಾಲಕನಿಗಾಗಿ ಇಂಗ್ಲಿಷಿನಲ್ಲಿ ರೂಪಿಸಿದ ವಾಕ್ಯದ ಅಚ್ಚನ್ನು ತುಂಡುತುಂಡಾಗಿ ಅನುವಾದಿಸಿ, ಖಾಲಿ ಬಿಟ್ಟ ಜಾಗದಲ್ಲಿ ರಸ್ತೆಯ ಹೆಸರನ್ನು ತುಂಬುವ ವಿಧಾನವನ್ನು ಇಲ್ಲಿ ಪ್ರಶ್ನಿಸುತ್ತಿದ್ದೇವೆ. ನೋಡಬಲ್ಲವನು ಇಂಥ ವಾಕ್ಯದ ಕೊರತೆಯನ್ನು ಪರದೆಯಿಂದಲೋ ನಾಮಫಲಕದಿಂದಲೋ ತುಂಬಿಕೊಳ್ಳುತ್ತಾನೆ. ಅಂಧ ಪಾದಚಾರಿಗೆ ಆ ಕ್ಷಣದಲ್ಲಿ ವಾಕ್ಯವೇ ನಾಮಫಲಕ.

2. ಆಜ್ಞೆಯೋ, ಭೂತನ್ಯೂನವೋ?

‘ಮುಂದಿನ ರಸ್ತೆ ದಾಟಿ ಎಡಕ್ಕೆ ತಿರುಗಿ’ ಎಂಬ ಮಾದರಿ ವಾಕ್ಯವನ್ನು ಗಮನಿಸೋಣ. ಇಲ್ಲಿನ ‘ದಾಟಿ’ ಭೂತನ್ಯೂನ. ‘ದಾಟಿದ ಬಳಿಕ’ ಎಂಬುದು ಅದರ ಅರ್ಥ. ಆದರೆ ಗೌರವಸೂಚಕ ವಿಧ್ಯರ್ಥದ ಮೊಟಕು ರೂಪವೂ ‘ದಾಟಿ’ಯೇ. ಉಕಾರಾಂತ ಧಾತುಗಳಲ್ಲಿ ಬಹಳಷ್ಟಕ್ಕೆ ಈ ಸಮಾನರೂಪತೆ ಇದೆ: ತಿರುಗಿ, ಹೋಗಿ, ಏರಿ, ಹತ್ತಿ. ‘ನಡೆದು’ ಮತ್ತು ‘ನಡೆಯಿರಿ’, ‘ನಿಂತು’ ಮತ್ತು ‘ನಿಲ್ಲಿ’ ಮುಂತಾದವುಗಳಲ್ಲಿ ಅದು ಇಲ್ಲ. ಬರಹದಲ್ಲಿ ಅಲ್ಪವಿರಾಮವೂ ಮಾತಿನಲ್ಲಿ ಸ್ವರದ ಏರಿಳಿತವೂ ಗೊಂದಲವನ್ನು ಬಿಡಿಸುತ್ತವೆ. ತುಣುಕುಗಳನ್ನು ಜೋಡಿಸಿ ಉಚ್ಚರಿಸುವ ಯಂತ್ರದಲ್ಲಿ ಆ ಸ್ವರಭಾರ ನೆಚ್ಚುವಂಥದ್ದಲ್ಲ.

ಇದರ ಪರಿಣಾಮ ಸಣ್ಣದಲ್ಲ. ದೂರವಾಣಿ ಕರೆ ಬಂದಾಗ, ಅಥವಾ ಹೊಸ ಸೂಚನೆ ಹಳೆಯದರ ಮೇಲೆ ಬಂದಾಗ, ಪ್ರಕಟಣೆ ನಡುವೆಯೇ ಕಡಿದುಹೋಗುವುದುಂಟು. ಇಂಗ್ಲಿಷಿನಲ್ಲಿ ‘ಆಫ್ಟರ್’ ಎಂಬ ಅಧೀನತಾಸೂಚಕ ಉಪವಾಕ್ಯದ ಆರಂಭದಲ್ಲೇ ಬರುವುದರಿಂದ ಕಡಿದ ವಾಕ್ಯ ಅಪೂರ್ಣವೆಂದು ತಿಳಿಯುತ್ತದೆ. ಕನ್ನಡದಲ್ಲಿ ‘ಮುಂದಿನ ರಸ್ತೆ ದಾಟಿ’ ಎಂಬಲ್ಲಿಗೆ ಕಡಿದರೆ ಉಳಿಯುವುದು ವ್ಯಾಕರಣಬದ್ಧವಾದ ಪೂರ್ಣ ಆಜ್ಞೆ. ವಾಹನ ಬರುತ್ತಿದೆಯೇ ಎಂಬುದು ಯಂತ್ರಕ್ಕೆ ತಿಳಿಯದು. ತೆರೆದ ಆಕಾಶದಡಿಯಲ್ಲೂ ಸ್ಮಾರ್ಟ್‌ಫೋನಿನ ಸ್ಥಾನನಿರ್ಣಯ ಸಾಮಾನ್ಯವಾಗಿ ಸುಮಾರು 4.9 ಮೀಟರ್ ತ್ರಿಜ್ಯದೊಳಗೆ ನಿಖರ; ಎತ್ತರದ ಕಟ್ಟಡಗಳ ನಡುವೆ ನಿಖರತೆ ಇನ್ನೂ ಕುಸಿಯುತ್ತದೆ. ಎಂದರೆ, ಕೇಳುಗ ರಸ್ತೆಯ ಯಾವ ಬದಿಯಲ್ಲಿ ನಿಂತಿದ್ದಾನೆಂಬುದೂ ಯಂತ್ರಕ್ಕೆ ಖಚಿತವಿಲ್ಲ. ಹೀಗಿರುವಾಗ ದಾಟುವುದನ್ನು ವಿಧ್ಯರ್ಥದಲ್ಲಿ ಹೇಳುವುದೇ ಅನುಚಿತ.

ಕನ್ನಡದಲ್ಲಿ ಪರಿಹಾರ ಕೈಯಳತೆಯಲ್ಲಿದೆ. ಮೊದಲನೆಯದಾಗಿ, ಅಧೀನ ಉಪವಾಕ್ಯಕ್ಕೆ ‘ದಾಟಿದ ಮೇಲೆ’ ಎಂಬ ರೂಪವನ್ನು ನಿಯತವಾಗಿ ಬಳಸಬೇಕು. ‘ದಾಟಿದ’ ಎಂಬಲ್ಲಿಗೆ ಕಡಿದರೂ ಮಾತು ಮುಗಿದಿಲ್ಲವೆಂದು ಕೇಳುಗ ಕಾಯುತ್ತಾನೆ. ಎರಡನೆಯದಾಗಿ, ತಿರುವಿನ ಸೂಚನೆಗೆ ‘ತಿರುಗಿರಿ’ ಎಂಬ ಪೂರ್ಣ ವಿಧ್ಯರ್ಥ ಇರಲಿ. ಮೂರನೆಯದಾಗಿ, ದಾಟುವಿಕೆಯನ್ನು ‘ಇಲ್ಲಿ ರಸ್ತೆ ದಾಟಬೇಕಾಗುತ್ತದೆ’ ಎಂಬ ನಿರೂಪಣೆಯಾಗಿ ಹೇಳಬೇಕು. ಯಾವಾಗ ದಾಟುವುದು ಎಂಬ ನಿರ್ಧಾರ ನಡೆಯುವವನದೇ ಆಗಿ ಉಳಿಯುತ್ತದೆ. ಈ ನಿಯಮಗಳನ್ನೂ ಯಾಂತ್ರಿಕವಾಗಿ ಹೇರಲಾಗದು. ‘ಮೆಟ್ಟಿಲು ಹತ್ತಿರಿ’ ಎಂಬುದಕ್ಕೂ ‘ಮೆಟ್ಟಿಲು ಹತ್ತಿರ’ ಎಂಬುದಕ್ಕೂ ಅಂತ್ಯಸ್ವರವೊಂದೇ ಅಂತರ. ಅಲ್ಲಿ ‘ಏರಿರಿ’ ಎಂಬ ಪದವೇ ಲೇಸು.

3. ಹೆಸರೋ, ಅಳತೆಯೋ, ಎಣಿಕೆಯೋ?

ಬೆಂಗಳೂರಿನ ಬೀದಿಗಳ ಹೆಸರುಗಳಲ್ಲಿ ಸಂಖ್ಯೆಗಳು ಹೇರಳ. ಇಂದಿರಾನಗರದ 100 ಅಡಿ ರಸ್ತೆಯನ್ನೇ ತೆಗೆದುಕೊಳ್ಳೋಣ. ‘100 ಅಡಿ ರಸ್ತೆಯಲ್ಲಿ ನಡೆಯಿರಿ’ ಎಂಬ ವಾಕ್ಯದಲ್ಲಿ ‘ಅಡಿ’ಯ ಬಳಿಕ ಯಂತ್ರ ತುಸು ತಡೆದರೆ, ನೂರು ಅಡಿ ದೂರ ರಸ್ತೆಯ ಮೇಲೆಯೇ ನಡೆಯಬೇಕೆಂಬ ಅರ್ಥ ಹುಟ್ಟುತ್ತದೆ. ‘ನೂರಡಿ ರಸ್ತೆ’ ಎಂದು ಸಂಧಿ ಮಾಡಿ ಒಂದೇ ಉಸಿರಿನಲ್ಲಿ ಹೇಳಿದಾಗ ಅದು ಹೆಸರೆಂದು ತಿಳಿಯುತ್ತದೆ. ಇಲ್ಲಿ ಸಂಧಿ ಅಲಂಕಾರವಲ್ಲ, ಅರ್ಥಭೇದಕ.

ಅಡ್ಡರಸ್ತೆಗಳದು ಇನ್ನಷ್ಟು ಸೂಕ್ಷ್ಮ. 8ನೇ ಅಡ್ಡರಸ್ತೆಯಿಂದ ಇಳಿಮುಖ ಸಂಖ್ಯೆಯತ್ತ ನಡೆಯುವವನಿಗೆ ‘ಮೂರನೇ ಅಡ್ಡರಸ್ತೆಯಲ್ಲಿ ಬಲಕ್ಕೆ’ ಎಂದರೆ, ಎಣಿಕೆಯಲ್ಲಿ ಅದು ಐದನೆಯದು, ಹೆಸರಿನಲ್ಲಿ ಮೂರನೆಯದು. ನಗರದ ಆಡುಮಾತಿನಲ್ಲಿ ಹೆಸರಿಗೆ ‘ಥರ್ಡ್ ಕ್ರಾಸ್’ ಎಂಬುದು ರೂಢಿ. ಎಣಿಸುವಾಗ ‘ಇಲ್ಲಿಂದ ಮೂರನೇದು’ ಎನ್ನುತ್ತಾರೆ. ಭಾಷಾಮಿಶ್ರಣವೆಂದು ನಾವು ಮೂಗುಮುರಿಯುವ ಈ ರೂಢಿ ಒಂದು ವ್ಯಾಕರಣಕಾರ್ಯವನ್ನು ನಿರ್ವಹಿಸುತ್ತಿದೆ. ಎಲ್ಲವನ್ನೂ ‘ಮೂರನೇ ಅಡ್ಡರಸ್ತೆ’ ಎಂದು ಶುದ್ಧೀಕರಿಸುವ ಅನುವಾದ ಆ ಭೇದವನ್ನೇ ಅಳಿಸಿಹಾಕುತ್ತದೆ. ಶುದ್ಧ ರೂಪವೇ ಬೇಕೆನ್ನುವವರು ‘ಇಲ್ಲಿಂದ’ ಎಂಬ ಪದವನ್ನಾದರೂ ಎಣಿಕೆಗೆ ಕಡ್ಡಾಯಗೊಳಿಸಬೇಕು.

‘200 ಮೀಟರ್‌ಗಳಲ್ಲಿ’ ಎಂಬ ಸಪ್ತಮಿ ಪ್ರಯೋಗವೂ ಇಂಗ್ಲಿಷಿನ ನೆರಳು. ‘ಹತ್ತು ನಿಮಿಷದಲ್ಲಿ ಬರುತ್ತೇನೆ’ ಎಂದು ಕಾಲಕ್ಕೆ ಹೇಳುತ್ತೇವೆ. ದೂರಕ್ಕೆ ಹಾಗೆ ಹೇಳುವ ವಾಡಿಕೆಯಿಲ್ಲ. ಅದನ್ನು ‘200 ಮೀಟರ್ ಒಳಗೆ ಎಲ್ಲಾದರೂ’ ಎಂದು ಗ್ರಹಿಸಿದವನು ಮೊದಲು ಸಿಕ್ಕ ಗೇಟಿನೊಳಕ್ಕೆ ತಿರುಗಿದರೆ ತಪ್ಪು ಅವನದಲ್ಲ. ‘ಇನ್ನೂರು ಮೀಟರ್ ನಡೆದ ಮೇಲೆ’ ಎಂಬುದು ಸಹಜವೂ ಹೌದು, ನಿಸ್ಸಂದಿಗ್ಧವೂ ಹೌದು.

4. ರೋಮನ್ ಲಿಪಿಯ ಮೂಲಕ ಬಂದ ಹೆಸರುಗಳು

ನಕ್ಷೆಯ ದತ್ತಾಂಶದಲ್ಲಿ ಹೆಸರು ರೋಮನ್ ಲಿಪಿಯಲ್ಲಷ್ಟೇ ಇದ್ದರೆ ಯಂತ್ರ ಅದನ್ನು ಊಹಿಸಿ ಓದಬೇಕು. ಆ ಲಿಪಿಯ ಸಾಮಾನ್ಯ ಬಳಕೆಯಲ್ಲಿ ದ-ಡ, ಲ-ಳ, ಒ-ಓ ಭೇದಗಳಿಲ್ಲ. ನಗರದ ಉತ್ತರದ ಕೊಡಿಗೇಹಳ್ಳಿಯೂ ಪೂರ್ವದ ಕೋಡಿಹಳ್ಳಿಯೂ ಒಂದೇ ಅಕ್ಷರಗಳಿಂದ ಆರಂಭವಾಗುತ್ತವೆ. ಸಂಕ್ಷೇಪಗಳ ತೊಡಕು ಬೇರೆ: ‘ಎಸ್‌ಟಿ’ ಎಂಬ ಎರಡೇ ಅಕ್ಷರ ಒಮ್ಮೆ ‘ಸೇಂಟ್’, ಒಮ್ಮೆ ‘ಸ್ಟ್ರೀಟ್’. ಸೇಂಟ್ ಮಾರ್ಕ್ಸ್ ರಸ್ತೆಯೂ ಚರ್ಚ್ ಸ್ಟ್ರೀಟೂ ಕೂಡುವಲ್ಲಿ ಎರಡೂ ಓದು ಒಟ್ಟಿಗೇ ಬೇಕಾಗುತ್ತವೆ.

ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡ ಹೆಸರಿಗೂ ಉಚ್ಚಾರಣೆಗೂ ಪ್ರತ್ಯೇಕ ಕ್ಷೇತ್ರಗಳಿವೆ. ವರ್ಲ್ಡ್ ವೈಡ್ ವೆಬ್ ಒಕ್ಕೂಟವು ಉಚ್ಚಾರಣಾ ನಿಘಂಟುಗಳಿಗೆ 2008ರಲ್ಲೇ ಮಾನಕ ನೀಡಿದೆ. ಆ ಕ್ಷೇತ್ರಗಳನ್ನು ತುಂಬುವ ಕೆಲಸ ಸ್ಥಳನಾಮ ಅಧ್ಯಯನ ಮಾಡುವ ನಮ್ಮ ವಿಭಾಗಗಳದ್ದು.

5. ಒಂದು ಆಕ್ಷೇಪ

ಅಂಧ ಪಾದಚಾರಿ ವಾಹನದ ಸದ್ದನ್ನೂ ಬಿಳಿಕೋಲಿನ ಸದ್ದನ್ನೂ ಆಲಿಸುತ್ತ ನಡೆಯುತ್ತಾನೆ. ಪ್ರಕಟಣೆ ಉದ್ದವಾದಷ್ಟೂ ಆ ಸದ್ದುಗಳು ಮುಚ್ಚಿಹೋಗುತ್ತವೆ ಎಂಬ ಆಕ್ಷೇಪ ನ್ಯಾಯವಾದುದು. ಆದರೆ ‘ತಿರುಗಿ’ಗಿಂತ ‘ತಿರುಗಿರಿ’ ಒಂದೇ ಅಕ್ಷರ ಹೆಚ್ಚು. ‘ನೂರಡಿ’ ಎಂಬುದು ‘ನೂರು ಅಡಿ’ಗಿಂತ ಚಿಕ್ಕದು. ಉಳಿದೆಡೆ ವಿವರದ ಪ್ರಮಾಣವನ್ನು ಕೇಳುಗನೇ ಆಯ್ದುಕೊಳ್ಳುವಂತಿರಬೇಕು. ಅನೇಕ ಅಂಧ ಬಳಕೆದಾರರು ಯಂತ್ರವಾಣಿಯನ್ನು ಹೆಚ್ಚಿನ ವೇಗದಲ್ಲಿ ಕೇಳುತ್ತಾರೆ. ಅಲ್ಲಿ ಸ್ವರದೀರ್ಘತೆಯೊಂದನ್ನೇ ನೆಚ್ಚಿದ ಭೇದಕ್ಕಿಂತ, ಇಡೀ ಅಕ್ಷರವನ್ನು ನೆಚ್ಚಿದ ಭೇದ ಹೆಚ್ಚು ಗಟ್ಟಿ.

ಕೊನೆಯದಾಗಿ, ಮೌಲ್ಯಮಾಪನದ ಮಾತು. ಧ್ವನಿಯ ಗುಣಮಟ್ಟವನ್ನು ಅಳೆಯುವಾಗ ಕೇಳುಗರಿಂದ ಅಂಕ ಪಡೆದು ಸರಾಸರಿ ತೆಗೆಯುವುದು ರೂಢಿ. ದನಿ ಎಷ್ಟು ಸಹಜ ಎಂಬುದು ಅದರಿಂದ ತಿಳಿಯುತ್ತದೆ. ಕೇಳಿದವನು ಯಾವ ಬೀದಿಗೆ ತಿರುಗಿದ ಎಂಬುದು ತಿಳಿಯುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಾಹಿತಿ ತಂತ್ರಜ್ಞಾನವನ್ನೂ ಸುಗಮ್ಯತೆಯ ವ್ಯಾಪ್ತಿಗೆ ತಂದಿದೆ. ಆ ಸುಗಮ್ಯತೆ ಕನ್ನಡದಲ್ಲಿ ಅರ್ಥಪೂರ್ಣವಾಗಬೇಕಾದರೆ, ಕಡಿದ ವಾಕ್ಯ, ಎಣಿಕೆಯ ಹೆಸರು, ಊಹಿಸಿ ಓದಿದ ಸ್ಥಳನಾಮ ಇವುಗಳನ್ನು ಕನ್ನಡ ಬಲ್ಲ ಅಂಧ ಕೇಳುಗರೊಂದಿಗೆ ಬೀದಿಯಲ್ಲೇ ಪರೀಕ್ಷಿಸಬೇಕು. ಪ್ರಕಟಣೆಗಳ ಪಠ್ಯವನ್ನು ರೂಪಿಸುವ ಹಂತದಲ್ಲೇ ಅವರೂ ಭಾಷಾವಿಜ್ಞಾನಿಗಳೂ ಇರಬೇಕೆಂಬುದು ನಮ್ಮ ನಿಲುವು.