ಏಳು ಸಾಮಾನಿನ ಚೀಟಿ

ಒಂದೂವರೆ ಪೌಂಡ್ ಹ್ಯಾಂಬರ್ಗರ್ ಮಾಂಸ, ವಂಡರ್ ಬ್ರೆಡ್ ಎರಡು, ಕ್ಯಾರೆಟ್ ಒಂದು ಕಟ್ಟು, ರಮ್‌ಫೋರ್ಡ್ ಬೇಕಿಂಗ್ ಪೌಡರ್ ಒಂದು ಡಬ್ಬಿ, ನೆಸ್‌ಕೆಫೆ ಇನ್‌ಸ್ಟಂಟ್ ಕಾಫಿ, ಡೆಲ್ ಮಾಂಟೆ ಪೀಚ್ ಹಣ್ಣು ಎರಡು ಡಬ್ಬಿ, ಆಲೂಗಡ್ಡೆ ಐದು ಪೌಂಡ್.

ಅಮೆರಿಕದ ಯಾವುದೋ ಗೃಹಿಣಿ ಅಂಗಡಿಗೆ ಹೊರಡುವ ಮುಂಚೆ ಗೀಚಿಕೊಂಡ ಚೀಟಿಯ ಹಾಗೆ ಕಾಣುತ್ತದೆ, ಅಲ್ಲವೇ? ಮಾರುಕಟ್ಟೆ ಸಂಶೋಧನೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಶ್ನಾವಳಿ ಇದು. ಹುಡುಕಿದರೂ ಒಂದು ಪ್ರಶ್ನೆ ಸಿಗುವುದಿಲ್ಲ. ಇದನ್ನು ಹೆಣೆದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮೇಸನ್ ಹೇರ್. ಪ್ರಕಟವಾದದ್ದು 1950ರ ‘ಜರ್ನಲ್ ಆಫ್ ಮಾರ್ಕೆಟಿಂಗ್’ನಲ್ಲಿ.

ಬಿಸಿನೀರಿಗೆ ಹಾಕಿ ಕಲಕಿದರೆ ಮುಗಿಯುವ ಕಾಫಿಪುಡಿ ಆಗಿನ್ನೂ ಅಮೆರಿಕದ ಎಲ್ಲ ಅಡುಗೆಮನೆಗಳಿಗೆ ನುಗ್ಗಿರಲಿಲ್ಲ. ಯಾಕೆ ಕೊಳ್ಳುವುದಿಲ್ಲ ಎಂದು ನೇರವಾಗಿ ಕೇಳಿದರೆ ಬಹುಪಾಲು ಜನ ಕೊಟ್ಟ ಉತ್ತರ ಒಂದೇ: ರುಚಿ ಹಿಡಿಸುವುದಿಲ್ಲ. ಕಂಪನಿಯವರಾದರೆ ಇಷ್ಟು ಕೇಳಿ ರುಚಿ ತಿದ್ದಲು ಹೊರಡುತ್ತಿದ್ದರು. ಹೇರ್ ಮಾತ್ರ ಆ ಉತ್ತರವನ್ನೇ ಅನುಮಾನಿಸಿದರು. ಬಾಗಿಲಿಗೆ ಬಂದ ಅಪರಿಚಿತನ ಮುಂದೆ ‘ರುಚಿಯಿಲ್ಲ’ ಎನ್ನುವುದು ಬಹಳ ಸಲೀಸು. ಹೇಳಿದವಳ ಮರ್ಯಾದೆಗೂ ಕುಂದಿಲ್ಲ, ಕೇಳಿದವನ ಹಾಳೆಯೂ ತುಂಬುತ್ತದೆ.

ಹಾಗಾಗಿ ಅವರು ಎರಡು ಚೀಟಿ ಮಾಡಿದರು. ಆರು ಸಾಲು ಅಕ್ಷರಶಃ ಒಂದೇ. ಐದನೆಯ ಸಾಲಿನಲ್ಲಿ ಮಾತ್ರ ಒಂದರಲ್ಲಿ ನೆಸ್‌ಕೆಫೆ, ಇನ್ನೊಂದರಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಕಾಫಿಪುಡಿ, ಅಂದರೆ ಸೋಸಿ ಇಳಿಸಬೇಕಾದ ಮಾಮೂಲಿ ಪುಡಿ. ಒಂದು ಚೀಟಿ 50 ಮಂದಿಗೆ, ಇನ್ನೊಂದು ಬೇರೆ 50 ಮಂದಿಗೆ. ಈ ಸಾಮಾನು ಕೊಂಡ ಹೆಂಗಸು ಎಂಥವಳಿರಬಹುದು, ಅವಳ ಸ್ವಭಾವ ನಾಲ್ಕು ಮಾತಿನಲ್ಲಿ ಬರೆಯಿರಿ ಎಂದರು. ಇನ್ನೊಂದು ಚೀಟಿ ಇದೆಯೆಂಬುದೇ ಯಾರಿಗೂ ಗೊತ್ತಿಲ್ಲ. ವಿಷಯ ಕಾಫಿ ಎಂಬುದೂ ಗೊತ್ತಿಲ್ಲ.

ಈ ಐದನೆಯ ಸಾಲನ್ನು ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ. ಮೊದಲ ಸಾಲಿನಲ್ಲಿ ಕಾಫಿ ಇಟ್ಟಿದ್ದರೆ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಕೊನೆಯಲ್ಲಿದ್ದರೆ ಓದಿ ಮುಗಿಸಿದ ಮೇಲೂ ನೆನಪಿನಲ್ಲಿ ಉಳಿಯುತ್ತಿತ್ತು. ಮಧ್ಯದ ಗದ್ದಲದಲ್ಲಿ ಅದು ತಣ್ಣಗೆ ಕೂತಿದೆ. ಅದರ ಹಿಂದಿನ ಸಾಲಿನಲ್ಲೇ ಬೇಕಿಂಗ್ ಪೌಡರ್ ಇರುವುದು ನೋಡಿ: ಮನೆಯಲ್ಲೇ ಕೇಕು ರೊಟ್ಟಿ ಬೇಯಿಸುವವಳು ಕೊಳ್ಳುವ ಸಾಮಾನು. ಅವಳನ್ನು ಸೋಮಾರಿ ಎನ್ನಲು ಬಾಯಿ ಬರಬಾರದು. ಮುಂದಿನ ಸಾಲಿನ ಡಬ್ಬಿಯ ಪೀಚ್ ಹಣ್ಣು ಅವಳ ವಿರುದ್ಧ ಸಾಕ್ಷಿ ಹೇಳಬಹುದೇನೋ. ಆದರೆ ಅದು ಎರಡು ಚೀಟಿಯಲ್ಲೂ ಇದೆ, ಆದ್ದರಿಂದ ಅದರ ಭಾರ ಯಾವ ಕಡೆಗೂ ವಾಲುವುದಿಲ್ಲ. ಉತ್ತರಗಳು ಎಲ್ಲಿ ಕವಲೊಡೆದರೂ ಕಾರಣ ಕಾಫಿಯೇ ಆಗಿರಬೇಕು.

ಕವಲೊಡೆದವು. ನೆಸ್‌ಕೆಫೆ ಚೀಟಿ ಓದಿದವರಲ್ಲಿ ಶೇ. 48 ಮಂದಿ ಅವಳನ್ನು ಸೋಮಾರಿ ಎಂದರು. ಇನ್ನೊಂದು ಚೀಟಿಯ ಹೆಂಗಸಿಗೆ ಆ ಮಾತು ಬಂದದ್ದು ಶೇ. 4 ಮಂದಿಯಿಂದ. ಮನೆಯ ಖರೀದಿ, ಕೆಲಸಗಳನ್ನು ಸರಿಯಾಗಿ ಯೋಜಿಸಲು ಬಾರದವಳು ಎಂಬ ಆರೋಪ ಇಲ್ಲಿ ಮತ್ತೆ ಶೇ. 48, ಅಲ್ಲಿ ಶೇ. 12. ಒಳ್ಳೆಯ ಹೆಂಡತಿಯಲ್ಲ ಎಂದು ಶೇ. 16 ಮಂದಿ ತೀರ್ಪು ಕೊಟ್ಟರು. ಮ್ಯಾಕ್ಸ್‌ವೆಲ್ ಹೌಸ್ ಹೆಂಗಸಿಗೆ ಹಾಗೆಂದವರು ಒಬ್ಬರೂ ಇಲ್ಲ. ರುಚಿಯ ಸೊಲ್ಲೇ ಹಿಂದೆ ಬಿತ್ತು. ತನ್ನ ಬಗ್ಗೆ ಕೇಳಿದಾಗ ನಾಲಿಗೆಯ ನೆಪ ಹೇಳಿದ್ದ ಸಮಾಜ, ಪಕ್ಕದ ಮನೆಯವಳ ಬಗ್ಗೆ ಕೇಳಿದೊಡನೆ ಮನಸ್ಸು ಬಿಚ್ಚಿತು. (ಫಿಲ್ಟರ್ ಕಾಫಿಯ ಮನೆಗಳಲ್ಲಿ ಬೆಳೆದ ನಮಗೆ ಈ ಪಿಸುಮಾತು ಹೊಸದೇನಲ್ಲ, ನೆಸ್‌ಕೆಫೆ ಈಗ ನಮ್ಮ ನಂಜನಗೂಡಿನ ಕಾರ್ಖಾನೆಯಲ್ಲೇ ತಯಾರಾಗುತ್ತದೆ ಎಂಬುದು ಬೇರೆ ಮಾತು.)

ಹೇರ್ ಅಲ್ಲಿಗೆ ಬಿಡಲಿಲ್ಲ. ತಪ್ಪು ಕಾಫಿಯದೋ, ಕೆಲಸ ಉಳಿಸುವ ಯಾವ ಸಾಮಾನಿಗಾದರೂ ಇದೇ ಗತಿಯೋ? ಇಲ್ಲದ ಒಂದು ಬ್ಲೂಬೆರಿ ಪೈ ಮಿಕ್ಸ್ ಹುಟ್ಟಿಸಿ ಎರಡೂ ಚೀಟಿಗೆ ಸೇರಿಸಿದರು. ಮ್ಯಾಕ್ಸ್‌ವೆಲ್ ಹೌಸ್ ಕೊಳ್ಳುವ ಸುಗೃಹಿಣಿಯೂ ಈಗ ಬೈಸಿಕೊಂಡಳು! ಕೊನೆಗೆ ಉತ್ತರಿಸಿದವರ ಅಡುಗೆಮನೆಯ ಕಪಾಟನ್ನೇ ನೋಡಿಸಿದರು. ನೆಸ್‌ಕೆಫೆ ಹೆಂಗಸನ್ನು ಹಳಿದವರ ಕಪಾಟಿನಲ್ಲಿ ಇನ್‌ಸ್ಟಂಟ್ ಕಾಫಿ ಇರುವುದು ಕಡಿಮೆಯಾಗಿತ್ತು. ಕಪಾಟು ಇಣುಕಿದ್ದು ನನಗೆ ಪೂರ್ತಿ ಹಿಡಿಸದು. ಆದರೂ ಮಾತಿನಲ್ಲಿ ಸಿಕ್ಕಿದ್ದನ್ನು ನಡತೆಯ ಜೊತೆ ಒರೆಹಚ್ಚುವ ಆ ಹಟ ಮೆಚ್ಚಬೇಕಾದ್ದೇ.

ಇಂಥದನ್ನು ಸವಿದ ಮೇಲೆ ‘ನಮ್ಮ ಸೇವೆ ತ್ವರಿತವೂ ತೃಪ್ತಿಕರವೂ ಆಗಿತ್ತೇ?’ ಎಂಬ ಫಾರಂ ಕೈಗೆ ಬಂದರೆ ತುತ್ತಿನಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ಬೇಗ ಬಂದ ಊಟ ತಣ್ಣಗಿದ್ದರೆ ಹೌದೆನ್ನುವುದೋ ಇಲ್ಲವೆನ್ನುವುದೋ?

ಬರೀ ನೂರು ಜನರ ಮಾತಿಗೆ ಏನು ಬೆಲೆ ಎನ್ನುವವರಿದ್ದಾರೆ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಒಂದು ಕೋಟಿ ಕಾರ್ಡು ಹಂಚಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದರು. ಪತ್ರಿಕೆ ವಿಳಾಸ ಆರಿಸಿದ್ದು ಹೆಚ್ಚಾಗಿ ಟೆಲಿಫೋನು, ಕಾರು ಇದ್ದವರ ಪಟ್ಟಿಗಳಿಂದ. ಅದರಲ್ಲೂ ಉತ್ತರಿಸುವ ಹುಮ್ಮಸ್ಸಿದ್ದವರೇ ಉತ್ತರಿಸಿದ್ದರು. ಹಾಗೆಂದು ಹೇರ್ ಅವರ ಚೀಟಿಯಿಂದ ದೇಶದಲ್ಲಿ ಎಷ್ಟು ಮಂದಿ ನೆಸ್‌ಕೆಫೆ ಕುಡಿಯುತ್ತಾರೆ ಎಂದು ಲೆಕ್ಕ ಹಾಕಲಾಗದು. ‘ಎಷ್ಟು’ ಎಂಬುದಕ್ಕೆ ಸರಿಯಾಗಿ ಆರಿಸಿದ ದೊಡ್ಡ ಮಾದರಿ ಬೇಕು. ‘ಯಾಕೆ’ ಎಂಬುದನ್ನು ಹೊರತೆಗೆಯುವ ಕೆಲಸ ಬೇರೆ, ಅದಕ್ಕೆ ಈ ಚೀಟಿ ಸಾಕು.

ಇದೇ ಪ್ರಯೋಗವನ್ನು ವೆಬ್‌ಸ್ಟರ್ ಮತ್ತು ಫಾನ್ ಪೆಕ್ಮನ್ ಎಂಬಿಬ್ಬರು ಮತ್ತೆ ಮಾಡಿ 1970ರಲ್ಲಿ ‘ಜರ್ನಲ್ ಆಫ್ ಮಾರ್ಕೆಟಿಂಗ್’ನಲ್ಲೇ ಬರೆದರು. ಅಷ್ಟರಲ್ಲಿ ಇನ್‌ಸ್ಟಂಟ್ ಕಾಫಿ ಮನೆಮನೆಯ ಮಾತಾಗಿತ್ತು. ಎರಡು ಚೀಟಿಗಳ ಹೆಂಗಸರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಸಿಗಲಿಲ್ಲ.